ಹೆಚ್ಚಿಗೆ ಬಂದ ಕೋಣೆ

ಆಫೀಸಿನ ಹಿಂದಿನ ಕೋಣೆ,
ಗುರುವಾರ, ೨೮ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮುಂಗೈ ಈಗ ಹೇಗಿದೆ? ಮೊದಲು ಅದನ್ನೇ ಕೇಳುತ್ತೇನೆ, ಉಳಿದದ್ದೆಲ್ಲ ಆಮೇಲೆ. ಪ್ಲಾಸ್ಟರ್ ತೆಗೆದ ಮೇಲೂ ಒದ್ದೆ ಬಟ್ಟೆ ಹಿಂಡುವಾಗ ಜುಮ್ಮೆನ್ನುತ್ತದೆ ಎಂದು ಬರೆದಿದ್ದೆ. ಲಾಂಡ್ರಿಯ ಯಜಮಾನಿಯನ್ನು ಕೇಳಿ ಇಸ್ತ್ರಿ ಮೇಜಿಗೆ ಬದಲಾಯಿಸಿಕೊಂಡೆಯಾ? ಕೇಳಿರುವುದಿಲ್ಲ. ಅಂಗಡಿಯವನು ಕೊಳೆತ ಈರುಳ್ಳಿ ಹಾಕಿ ಕಳಿಸಿದರೂ ವಾಪಸ್ ಮಾಡಲು ನನ್ನನ್ನೇ ಓಡಿಸುತ್ತಿದ್ದವಳಲ್ಲವೇ ನೀನು. ಈಗ ನಾನು ಪಕ್ಕದಲ್ಲಿಲ್ಲ, ನೀನೇ ಬಾಯಿಬಿಟ್ಟು ಕೇಳಬೇಕು. ಕೆಮ್ಮು ಹೋಯಿತೇ? ಬಾಗಿಲು ಸದ್ದಾದರೆ ಎದ್ದು ಕೂರುವುದು ನಿಂತಿದೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಅದನ್ನು ಕೆಡಿಸುವಂಥ ಪತ್ರ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯಬೇಕಾಗಿದೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ಹಿಡಿದುಕೊಂಡಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ನೀನು ಟೀಚರಮ್ಮ ಎಂದು ಕರೆಯುವ ನನ್ನ ಹೆಂಡತಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ದಿನವಿಡೀ ಗಂಟಲು ಹರಿದುಕೊಂಡು ಸಂಜೆ ಬಂದರೆ ನನ್ನನ್ನು ಬೈಯಲು ಅವಳಲ್ಲಿ ದನಿಯೇ ಉಳಿದಿರುವುದಿಲ್ಲ. ಈ ಸುಖದ ಬಗ್ಗೆ ಇಷ್ಟು ನಿರ್ಭಯವಾಗಿ ಬರೆಯುತ್ತಿರುವುದು ಅವಳು ಈ ಪತ್ರವನ್ನು ನೋಡುವುದಿಲ್ಲ ಎಂಬ ಧೈರ್ಯದಿಂದ. ನೀನು ಎಲ್ಲಿದ್ದೀಯ ಎಂಬುದು ಅವಳಿಗೂ ಗೊತ್ತಿಲ್ಲ. ಅಮ್ಮನಿಗೆ ನೀನು ಎಲ್ಲೋ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೀಯ ಎಂದಷ್ಟೇ ಹೇಳಿದ್ದೇನೆ. ವಿಳಾಸ ಗೊತ್ತಿರುವುದು ನನಗೊಬ್ಬನಿಗೇ. ಹಾಗೆಂದು ಹೋದ ವಾರದವರೆಗೆ ನಂಬಿದ್ದೆ.

ಲಾಂಡ್ರಿಯ ಕಂಪ್ಯೂಟರಿಗೆ ಮೇಲ್ ಮಾಡುವುದು ಬಿಟ್ಟು ಕೈಯಲ್ಲಿ ಏಕೆ ಬರೆಯುತ್ತಿದ್ದಾನೆ ಎಂದು ನಿನಗೆ ಆಶ್ಚರ್ಯವಾಗುತ್ತಿರಬೇಕು. ಅದನ್ನು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಹಿಂದೆ ಎಷ್ಟೋ ಸಲ ಹೇಳಿದ್ದೇನೆ, ನೀನು ಹೂಂ ಹೂಂ ಎನ್ನುತ್ತ ಬೇರೆ ಏನನ್ನೋ ಯೋಚಿಸುತ್ತಿದ್ದೆ. ಈ ಸಲ ಗಮನವಿಟ್ಟು ಓದು.

ಬಾಡಿಗೆಗಿದ್ದವರು ಮನೆ ಬಿಟ್ಟು ಹೋದ ಮೇಲೆ ಆ ಮನೆ ಯಾವ ಸ್ಥಿತಿಯಲ್ಲಿದೆ ಎಂದು ಚಿತ್ರ ತೆಗೆದು ಮಾಲೀಕರಿಗೆ ಕಳಿಸುವುದು ನಮ್ಮ ಆಫೀಸಿನ ಕೆಲಸ. ಗೋಡೆಗೆ ಮೊಳೆ ಹೊಡೆದಿದ್ದಾರೆಯೇ, ನಲ್ಲಿ ಸೋರುತ್ತಿದೆಯೇ ಎಂಬ ಜಗಳಗಳು ಆಮೇಲೆ ಬರಬಾರದಲ್ಲ, ಅದಕ್ಕೆ. ಚಿತ್ರ ತೆಗೆಯುವವನು ಮೂಲೆರಾಯ. ಕೋಣೆಯ ಮೂಲೆಗೆ ಬೆನ್ನು ಆನಿಸಿ, ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಹಿಡಿದು, ಉಳಿದ ಮೂರು ಮೂಲೆಗಳೂ ಕಾಣುವಂತೆ ತೆಗೆಯಬೇಕು ಎನ್ನುವುದು ಅವನ ಹಟ. ಅದರಿಂದಲೇ ಆ ಹೆಸರು. ಒಂದೇ ಕೋಣೆಯ ಮನೆಯಾದರೆ ಚಿತ್ರಗಳಿಗೆ ಒಂದು ಕ್ರಮವಿದೆ. ಮೊದಲು ಬಾಗಿಲ ಕಡೆಯಿಂದ ಕೋಣೆ, ಎರಡನೆಯದು ಕಿಟಕಿಯ ಕಡೆಯಿಂದ ಬಾಗಿಲು, ಮೂರನೆಯದು ಕಿಟಕಿಯಾಚೆ ಕಾಣುವುದು, ನಾಲ್ಕನೆಯದು ಒಲೆಯ ಮೂಲೆ, ಐದನೆಯದು ಹೊರಗಿನಿಂದ ಬಾಗಿಲು ಮತ್ತು ಮನೆ ನಂಬರು. ಕೊನೆಯದು, ಬಿಟ್ಟುಹೋದವರು ಒಪ್ಪಿಸಿದ ಬೀಗದ ಕೈ. ಆ ಕ್ರಮ ತಪ್ಪುವಂತಿಲ್ಲ. ಇನ್ನೊಂದು ನಿಯಮ, ಯಾವ ಚಿತ್ರದಲ್ಲೂ ಮನುಷ್ಯರು ಇರಕೂಡದು.

ಈ ಚಿತ್ರಗಳನ್ನು ಮಾಲೀಕರಿಗೆ ಮೇಲ್ ಮಾಡುವುದು ನನ್ನ ಪಾಲಿನ ಕೆಲಸ. ತಿಂಗಳ ಕೊನೆಯಲ್ಲಿ ಮನೆ ಬಿಡುವವರು ಹೆಚ್ಚು. ಒಂದೊಂದೇ ಫೈಲ್ ಆರಿಸಿ, ಸೇರಿಸಿ, ಕಳಿಸಿ ಸಾಕಾಗಿ ಹೋಗುತ್ತಿತ್ತು. ಎಷ್ಟೋ ಸಲ ಚಿತ್ರಗಳನ್ನು ಲಗತ್ತಿಸಿದ್ದೇನೆ ಎಂದು ಬರೆದು, ಲಗತ್ತಿಸುವುದನ್ನೇ ಮರೆತು ಕಳಿಸಿದ್ದುಂಟು. ನಮ್ಮ ಯಜಮಾನರು ಎಲ್ಲರ ಎದುರಿಗೆ, "ಇವರು ಬರೀ ಗಾಳಿ ಕಳಿಸೋದ್ರಲ್ಲಿ ಎತ್ತಿದ ಕೈ ಕಣ್ರಪ್ಪ" ಎಂದು ಚುಚ್ಚುತ್ತಿದ್ದರು. ಮನೆಯಲ್ಲಿ ಇದನ್ನು ಹೇಳಿಕೊಂಡು ಗೊಣಗಿದಾಗ ಟೀಚರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಮೇಲ್ ಅಂದ್ರೆ ಒಂದು ಲಕೋಟೆ ಅಂದ್ಕೊಳ್ಳಿ. ಖಾಲಿ ಲಕೋಟೆ ತಗೊಳ್ಳಿ, ಯಾರಿಗೆ ಅಂತ ಬರೀರಿ. ಆಮೇಲೆ ಫೋಲ್ಡರ್ ತೆಗೀರಿ. ಒಂದು ಫೈಲ್ ಎತ್ಕೊಳ್ಳಿ, ಓದಿ, ಒಳಗೆ ಹಾಕಿ. ಇನ್ನೂ ಇದ್ಯಾ? ಮತ್ತೆ ಎತ್ಕೊಳ್ಳಿ, ಓದಿ, ಹಾಕಿ. ಮುಗೀತಾ? ಅಂಟಿಸಿ ಕಳಿಸಿ. ಇಷ್ಟೇ ಕಣ್ರೀ ಪ್ರೋಗ್ರಾಂ. ನನ್ನ ಆರನೇ ಕ್ಲಾಸಿನ ಮಕ್ಕಳು ಮಾಡ್ತಾವೆ, ನಿಮಗೇನು ಧಾಡಿ?" ಎಂದಳು.

ಧಾಡಿ ಏನೂ ಇರಲಿಲ್ಲ. ಒಂದು ವಾರ ಸಂಜೆ ಕೂತು ಕಲಿತೆ. ಅಕ್ಕಾ, ನಾನು ಬರೆದ ಇಪ್ಪತ್ತು ಚಿಲ್ಲರೆ ಸಾಲುಗಳು ಮೊದಲ ಸಲ ತಮ್ಮಷ್ಟಕ್ಕೆ ಓಡಿ, ಫೋಲ್ಡರಿನಲ್ಲಿದ್ದ ಚಿತ್ರಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಹೋಗಿ ಕಳಿಸಿ ಬಂದಾಗ ನನಗಾದ ಖುಷಿಯನ್ನು ಯಾರಿಗೆ ಹೇಳಲಿ ಅನ್ನಿಸಿತು. ನಿನಗೆ ಹೇಳಬೇಕೆನ್ನಿಸಿತು. ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ ಎನ್ನುವುದು ಬೇರೆ ಮಾತು. ಪ್ರತಿ ಮನೆಗೂ ಹೊಸ ಲಕೋಟೆ ತೆಗೆದುಕೊಳ್ಳಬೇಕು. ನಾನು ಆ ಸಾಲನ್ನು ಎಲ್ಲಕ್ಕೂ ಮೊದಲು ಒಂದೇ ಸಲ ಬರೆದುಬಿಟ್ಟಿದ್ದೆ. ಹಾಗಾಗಿ ಮೊದಲನೆಯವರಿಗೆ ಅವರ ಮನೆ ಹೋಯಿತು. ಎರಡನೆಯವರಿಗೆ ಅವರ ಮನೆಯ ಜೊತೆ ಮೊದಲನೆಯವರದೂ ಹೋಯಿತು. ಪಟ್ಟಿಯ ಕೊನೆಯಲ್ಲಿದ್ದ ಹಲ್ಲಿನ ಡಾಕ್ಟರು ಫೋನ್ ಮಾಡಿ, "ಏನ್ರೀ, ಊರಿನ ಬಚ್ಚಲುಮನೆಗಳನ್ನೆಲ್ಲ ನನಗ್ಯಾಕೆ ತೋರಿಸ್ತಾ ಇದ್ದೀರ? ನಾನು ನೋಡೋದು ಬಾಯಿ ಮಾತ್ರ" ಎಂದರು. ಟೀಚರಮ್ಮ ಒಂದು ಸಾಲನ್ನು ನಾಲ್ಕು ಸಾಲು ಕೆಳಕ್ಕೆ ಇಳಿಸಿದಳು, ಸರಿಹೋಯಿತು. ಇನ್ನು ಮುಂದೆ ಹೀಗಾಗದಿರಲಿ ಎಂದು, ಕಳಿಸುವ ಮೊದಲು ಲಕೋಟೆಯಲ್ಲಿ ಎಷ್ಟು ಫೈಲುಗಳಿವೆ ಎಂದು ಎಣಿಸಿ ತೋರಿಸುವ ಒಂದು ಸಾಲನ್ನು ನಾನೇ ಸೇರಿಸಿದೆ.

ಅದಾದ ಮೇಲೆ ಒಂದು ವಾರ ಎಲ್ಲ ಸುಸೂತ್ರ. ಹೋದ ಶುಕ್ರವಾರ ಡಾಕ್ಟರು ಮತ್ತೆ ಫೋನ್ ಮಾಡಿದರು. ಈ ಸಲ ತಮಾಷೆ ಇರಲಿಲ್ಲ. "ನನ್ನ ಮನೇದು ಆರು ಚಿತ್ರ ಸರಿಯಾಗಿ ಬಂದಿದೆ. ಏಳನೇದು ಯಾರದು?" ಎಂದರು. ನನ್ನ ಪರದೆಯ ಮೇಲೆ ಎಣಿಕೆ ಆರು ಎಂದೇ ಇತ್ತು. ಫೋಲ್ಡರಿನಲ್ಲೂ ಆರೇ. ಕಳಿಸಿದ ಮೇಲ್ ತೆಗೆದು ನೋಡಿದರೆ ಏಳು. ಕೊನೆಯ ಫೈಲಿಗೆ ಮನೆ ನಂಬರಿಲ್ಲ, ಬರೀ ೧ ಎಂದು ಹೆಸರು. ತೆರೆದೆ.

ನೆಲಕ್ಕೆ ಕೆಂಪು ಬಿಲ್ಲೆ ಹಾಸಿದ ಒಂದು ಕೋಣೆ. ನಡುವೆ ಒಂದೇ ಒಂದು ಬಿಲ್ಲೆ ಮಾತ್ರ ಬೂದು ಬಣ್ಣದ್ದು. ಕಿಟಕಿಗೆ ತಾಗಿಸಿದ ಮೇಜು, ಒಂದು ಕುರ್ಚಿ. ಮಂಚದ ಮೇಲೆ ಹಾಸಿಗೆ ಇಲ್ಲ, ಬರೀ ಹಲಗೆ. ಗೋಡೆಯ ಮೊಳೆಗೆ ನೇತುಹಾಕಿದ ನೀಲಿ ಸ್ವೆಟರ್. ಅದರ ಎಡಗೈ ಬಲಗೈಗಿಂತ ನಾಲ್ಕು ಬೆರಳು ಉದ್ದ. ಅಮ್ಮ ಟೀವಿ ನೋಡುತ್ತ ಹೆಣೆದದ್ದು. ನೀನು ಅದನ್ನು ಹಾಕಿಕೊಂಡಾಗ "ನನಗೆ ಕೈ ಉದ್ದ ಅಂತ ಅಮ್ಮ ಊರಿಗೆಲ್ಲ ಸಾರ್ತಿದ್ದಾಳೆ" ಎಂದು ನಗಿಸಿದ್ದೆಯಲ್ಲ, ಅದೇ. ನೀನು ಇರುವ ಕೋಣೆಯನ್ನು ನಾನು ನೋಡಿಲ್ಲ. ಬಣ್ಣ ಬೇರೆಯಾದ ಒಂದು ಬಿಲ್ಲೆ ಇದೆ ಎಂದು ನೀನು ಬರೆದದ್ದು ನೆನಪಾಯಿತು. ನಾನು ನಿನ್ನ ಕೋಣೆಯನ್ನು ನೋಡುತ್ತಿದ್ದೆ. ಅದು ಬಿಟ್ಟುಹೋದವರ ಕೋಣೆಯ ಹಾಗೆ ಇತ್ತು.

ನೀನೇ ಯಾವಾಗಲೋ ಕಳಿಸಿರಬಹುದು, ಅದು ಕಂಪ್ಯೂಟರಿನ ಯಾವುದೋ ಸಂದಿಯಲ್ಲಿ ಕೂತಿರಬಹುದು ಎಂದು ಹುಡುಕಿದೆ. ಎಲ್ಲೂ ಇಲ್ಲ. ನಿನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನನ್ನು ನಾವಿಬ್ಬರೂ ಸೇರಿ ಬಸ್ ಸ್ಟ್ಯಾಂಡಿನ ಕಸದ ತೊಟ್ಟಿಗೆ ಹಾಕಿದ್ದೆವು. ಆ ದಿನ ಕಳಿಸಿದ ಉಳಿದ ಮೇಲುಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಒಂದು ಹೆಚ್ಚಿನ ಫೈಲ್. ಪಟ್ಟಿಯಲ್ಲಿ ಭಾವನ ಹೆಸರೂ ಇತ್ತು.

ಭಾವನ ಮೂರು ಬಾಡಿಗೆ ಮನೆಗಳ ಲೆಕ್ಕ ನಮ್ಮ ಆಫೀಸಿನದೇ ಎಂಬುದು ನಿನಗೆ ಗೊತ್ತು. ಆ ವ್ಯವಹಾರದಿಂದಲೇ ನಮ್ಮ ಯಜಮಾನರಿಗೆ ಅವರು ಪರಿಚಯ, ಅವರ ಮೂಲಕವೇ ನಮ್ಮ ಮನೆಗೆ. ಇಷ್ಟು ತಿಂಗಳೂ ನಾನು ಅವರಿಗೆ ಮೇಲ್ ಕಳಿಸುತ್ತಲೇ ಇದ್ದೆ, ಕೆಲಸ ಕೆಲಸ ಎಂದುಕೊಂಡು. ಸೋಮವಾರ ಅವರ ಫೋನ್ ಬಂತು. ದನಿ ಎಂದಿನಂತೆ ಮೃದು. ನಿನ್ನ ಕೈ ಮುರಿದ ದಿನವೂ ಆಸ್ಪತ್ರೆಯ ವರಾಂಡದಲ್ಲಿ ನಿಂತು ಇದೇ ದನಿಯಲ್ಲಿ ಮೆಟ್ಟಿಲಿಂದ ಜಾರಿದಳು ಎಂದು ನನಗೆ ಹೇಳಿದ್ದರು. "ಏನಯ್ಯಾ ಭಾಮೈದ, ನನಗೆ ಇರೋದು ಮೂರೇ ಮನೆ. ನಾಲ್ಕನೇದು ಯಾವಾಗ ಕೊಂಡೆ ಅಂತ ನಂಗೇ ಗೊತ್ತಿಲ್ಲ. ಕೋಣೆ ಚೊಕ್ಕವಾಗಿದೆ. ಸ್ವೆಟರ್ ಕೂಡ ಚೆನ್ನಾಗಿದೆ." ನಾನು ತಪ್ಪಿ ಬಂದಿರಬೇಕು ಭಾವ, ಬೇರೆಯವರದು ಎಂದೆ. ಅವರು ನಕ್ಕರು. "ಇರ್ಲಿ ಬಿಡು. ನಿಮ್ಮಲ್ಲಿ ಒಂದು ಕ್ರಮ ಇದೆಯಲ್ಲ. ಉಳಿದದ್ದೂ ಬರುತ್ತೆ. ಕಾಯ್ತೀನಿ."

ಅಂದು ಸಂಜೆ ನಾನು ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು, ಮುಖವೆಲ್ಲ ನಗು. "ಅಳಿಯಂದ್ರು ಬಂದಿದ್ರು ಕಣೋ. ಎಷ್ಟು ದಿನ ಆಗಿತ್ತು. ಫೋನಲ್ಲಿ ಅವಳ ಕೋಣೆ ತೋರಿಸಿದ್ರು. ನಾನು ಹೆಣೆದ ಸ್ವೆಟರ್ ಇಟ್ಕೊಂಡಿದ್ದಾಳೆ! ಬಿಸಾಕಿರ್ತಾಳೆ ಅಂದ್ಕೊಂಡಿದ್ದೆ" ಎಂದಳು. ಅದು ನಿನ್ನದೇ ಕೋಣೆ ಎಂದು ಭಾವನಿಗೆ ಖಾತ್ರಿ ಮಾಡಿಕೊಟ್ಟದ್ದು ಅಮ್ಮನ ಸಂತೋಷ.

ಮಂಗಳವಾರ ಎರಡನೆಯ ಚಿತ್ರ ಹೋಯಿತು, ಕಿಟಕಿಯ ಕಡೆಯಿಂದ ಬಾಗಿಲು. ನಿನ್ನ ಬಾಗಿಲಿನ ಮೇಲಿನ ಚಿಲಕದ ಒಂದು ಮೊಳೆ ಎದ್ದು ಬಂದಿದೆ, ನೋಡಿಕೊಂಡಿದ್ದೀಯಾ? ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಾನು ಪ್ರೋಗ್ರಾಂ ಅನ್ನು ಟೀಚರಮ್ಮನ ಮುಂದೆ ಇಟ್ಟೆ. ಪೂರ್ತಿ ವಿಷಯ ಹೇಳಲಿಲ್ಲ, ಒಂದು ಫೈಲ್ ಹೆಚ್ಚಿಗೆ ಹೋಗುತ್ತಿದೆ ಎಂದಷ್ಟೇ ಹೇಳಿದೆ. ಅವಳು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಮೊದಲಿಂದ ಕೊನೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ಕೊನೆಗೆ "ಇದರಲ್ಲಿ ತಪ್ಪಿಲ್ಲ. ಇದು ಆರು ಎತ್ಕೊಳ್ಳುತ್ತೆ, ಆರು ಹಾಕುತ್ತೆ. ಏಳನೇದನ್ನ ಹಾಕ್ತಿರೋದು ಇದಲ್ಲ" ಎಂದಳು. ಆಮೇಲೆ ಎದ್ದು ಹೋಗಿ, ಇನ್ನೂ ಬೆಳಕಿದ್ದಾಗಲೇ, ಮನೆಯ ದೀಪಗಳನ್ನೆಲ್ಲ ಹಾಕಿದಳು.

ಬುಧವಾರ ಪ್ರೋಗ್ರಾಂ ಅನ್ನೇ ಅಳಿಸಿಹಾಕಿದೆ. ಮೊದಲಿನ ಹಾಗೆ ಒಂದೊಂದೇ ಫೈಲನ್ನು ಕೈಯಾರೆ ಸೇರಿಸಿದೆ. ಪಟ್ಟಿಯಿಂದ ಭಾವನ ಹೆಸರು ತೆಗೆದೆ. ಪ್ರತಿ ಸಲವೂ ಕಳಿಸು ಎಂಬುದನ್ನು ಒತ್ತುವ ಮೊದಲು ಬೆರಳಿಟ್ಟು ಎಣಿಸಿದೆ. ಮಧ್ಯಾಹ್ನ ಭಾವ ಆಫೀಸಿಗೇ ಬಂದರು. ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಯಜಮಾನರು ಟೀ ತರಿಸಿದರು. ಭಾವ ಫೋನನ್ನು ನನ್ನ ಕಡೆ ತಿರುಗಿಸಿ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ನಿನ್ನ ಕಿಟಕಿಯಾಚೆ ಕಾಣುವುದು: ಎದುರು ಮನೆಯ ತಾರಸಿ, ಒಣಹಾಕಿದ ಬಟ್ಟೆಯ ಸಾಲು, ಅದರಾಚೆ ತಲೆ ಚಪ್ಪಟೆಯಾದ ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ತುದಿ ಮುರಿದ ಒಂದು ಇಟ್ಟಿಗೆ ಚಿಮಣಿ. "ಚಿಮಣಿ ನೋಡಿದ ಹಾಗಿದೆ" ಎಂದರು. "ಒಂದು ಸಲ ಸಾಮಾನು ತರೋಕೆ ಹೋದಾಗ ಈ ದಾರೀಲಿ ಹೋಗಿದ್ದೆ. ಊರು ಸಿಕ್ಕಿತು ಅಂದ್ಕೋ. ಬೀದಿ, ಬಾಗಿಲು ಮಾತ್ರ ಬಾಕಿ." ಟೀ ಮುಗಿಸಿ, ಲೋಟ ಕೆಳಗಿಟ್ಟು, ಹೋಗುವಾಗ ನನ್ನ ಭುಜ ತಟ್ಟಿದರು. ಯಜಮಾನರು "ಎಂಥ ಸಜ್ಜನ ಕಣ್ರೀ ನಿಮ್ಮ ಭಾವ" ಎಂದರು.

ಮೂಲೆರಾಯನಿಗೆ ಚಿತ್ರಗಳನ್ನು ತೋರಿಸದೆ ಇರಲು ಆಗಲಿಲ್ಲ. ಯಾರ ಕೋಣೆ ಎಂದು ಹೇಳಲಿಲ್ಲ. ಅವನು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಎದೆ ಮಟ್ಟ. ಮೂಲೆಗೆ ಬೆನ್ನು. ಮೂರು ಮೂಲೇನೂ ಬಂದಿವೆ. ಸಾರ್, ಇದು ನಾನೇ ತೆಗೆದ ಹಾಗಿದೆ. ಆದ್ರೆ ನಾನು ತೆಗೆದಿಲ್ಲ" ಎಂದ. ಕನ್ನಡಕ ಮತ್ತೆ ಮೂಗಿಗೆ ಇಳಿಸಿಕೊಂಡು, "ಯಾರು ಹೋದ್ರು ಸಾರ್ ಇಲ್ಲಿಂದ?" ಎಂದು ಕೇಳಿದ. ಯಾರೂ ಹೋಗಿಲ್ಲ, ಇನ್ನೂ ಇದ್ದಾರೆ ಎಂದೆ. ಅವನು ತಲೆ ಅಲ್ಲಾಡಿಸಿದ. "ಜನ ಇರೋ ಮನೇನ ನಾವು ತೆಗೆಯೋದೇ ಇಲ್ವಲ್ಲ ಸಾರ್. ಹೋದ ಮೇಲೇ ತೆಗೆಯೋದು."

ಅಕ್ಕಾ, ಆಗಿನಿಂದ ನನ್ನ ತಲೆಯಲ್ಲಿ ಇರುವುದು ಅದೊಂದೇ ಮಾತು. ಇದು ನೀನು ಇಲ್ಲದ ಕೋಣೆ. ಯಾವುದೋ ಒಂದು ದಿನದ ನಂತರದ ಕೋಣೆ. ಹೇಗೆ ಹೋದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಚಿತ್ರಗಳು ಎಂದೂ ಅದನ್ನು ಹೇಳುವುದಿಲ್ಲ. ಗೋಡೆ ಹೇಗಿದೆ, ನೆಲ ಹೇಗಿದೆ ಎಂದಷ್ಟೇ. ಮೊದಲನೆಯ ಚಿತ್ರದ ನೆಲವನ್ನು ದೊಡ್ಡದು ಮಾಡಿ ಒಂದೊಂದು ಬಿಲ್ಲೆಯನ್ನೂ ನೋಡಿದ್ದೇನೆ. ಏನನ್ನು ಹುಡುಕುತ್ತಿದ್ದೆ ಎಂದು ಬರೆಯುವುದಿಲ್ಲ. ಸಿಗಲಿಲ್ಲ, ನೆಲ ಒರೆಸಿದ ಹಾಗೆ ಇದೆ. ಒರೆಸಿದ್ದು ಯಾರು ಎಂದು ಆಮೇಲೆ ಯೋಚನೆ ಬಂತು.

ಇವತ್ತು ಬೆಳಿಗ್ಗೆ ನಾನು ಯಾರಿಗೂ ಯಾವ ಮೇಲನ್ನೂ ಕಳಿಸಲಿಲ್ಲ. ಕಂಪ್ಯೂಟರಿನ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟು, ಜ್ವರ ಎಂದು ಸುಳ್ಳು ಹೇಳಿ ಈ ಹಿಂದಿನ ಕೋಣೆಯಲ್ಲಿ ಬಂದು ಕೂತೆ. ಆದರೂ ಹಲ್ಲಿನ ಡಾಕ್ಟರ ಫೋನ್ ಬಂತು. "ಒಲೆ, ಅದರ ಮೇಲೊಂದು ಪಾತ್ರೆ. ಏನ್ರೀ ಇದು, ಧಾರಾವಾಹಿನಾ?" ಎಂದರು. ನಾಲ್ಕನೆಯದು. ಭಾವ ಬೆಳಿಗ್ಗೆಯಿಂದ ನಮ್ಮ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಫೋನ್ ಮೇಜಿನ ಮೇಲೆ, ಮುಖ ಮೇಲೆ ಮಾಡಿ. ಅವರು ಕಾಯುತ್ತಿರುವುದು ಐದನೆಯದಕ್ಕೆ. ಅದಕ್ಕೇ ನಾನೇ ನಿನ್ನ ಹತ್ತಿರ ಬರಲಾರೆ. ಗೇಟು ದಾಟಿದರೆ ಅವರೂ ಏಳುತ್ತಾರೆ. ನಾನೇ ಅವರಿಗೆ ದಾರಿ ತೋರಿಸಿದ ಹಾಗಾಗುತ್ತದೆ.

ಆದ್ದರಿಂದ ಈ ಪತ್ರ. ಮೂಲೆರಾಯ ತನ್ನ ಮಗಳ ಮನೆಗೆಂದು ಇವತ್ತು ಮಧ್ಯಾಹ್ನದ ಬಸ್ಸಿಗೆ ನಿನ್ನ ಊರಿನ ಮೇಲೇ ಹೋಗುತ್ತಿದ್ದಾನೆ. ಲಾಂಡ್ರಿಯ ಯಜಮಾನಿಯ ಕೈಗೆ ಕೊಡು, ಬೇರೇನೂ ಕೇಳಬೇಡ ಎಂದಿದ್ದೇನೆ. ಅವನು ಕೇಳುವವನೂ ಅಲ್ಲ. ನಿನಗೆ ತಲುಪಿದ ಕೂಡಲೇ ನೀನು ಮಾಡಬೇಕಾದದ್ದು ಇಷ್ಟು. ಮೇಜನ್ನು ಕಿಟಕಿಯಿಂದ ದೂರ ಸರಿಸು. ಸ್ವೆಟರನ್ನು ಮೊಳೆಯಿಂದ ತೆಗೆದು ಪೆಟ್ಟಿಗೆಗೆ ಹಾಕು. ಕಿಟಕಿಗೆ ಪರದೆ ಕಟ್ಟು, ಆ ಬೂದು ಬಿಲ್ಲೆಯ ಮೇಲೆ ಚಾಪೆ ಹಾಸು. ಮನೆ ನಂಬರಿನ ಮೇಲೆ ಒಂದು ಕಾಗದ ಅಂಟಿಸು. ನಿನ್ನ ಕೋಣೆ ಆ ಚಿತ್ರಗಳ ಕೋಣೆಯಂತೆ ಇಲ್ಲದಿದ್ದರೆ, ಬಹುಶಃ ಆ ದಿನ ಬರುವುದಿಲ್ಲ. ಇದರಲ್ಲಿ ಬುದ್ಧಿಯ ಮಾತು ಎಷ್ಟಿದೆ ಎಂದು ನನಗೆ ಗೊತ್ತಿಲ್ಲ. ಚಿಲಕದ ಮೊಳೆಯನ್ನು ಮಾತ್ರ ಖಂಡಿತ ಸರಿಮಾಡಿಸು.

ಅಮ್ಮ ನಿನಗಾಗಿ ಇನ್ನೊಂದು ಸ್ವೆಟರ್ ಶುರುಮಾಡಿದ್ದಾಳೆ. ಈ ಸಲ ಎರಡೂ ಕೈ ಅಳತೆ ಹಿಡಿದು ಹೆಣೆಯುತ್ತಿದ್ದೇನೆ, ಅವಳಿಗೆ ಹೇಳು ಎಂದಿದ್ದಾಳೆ. ನಿನ್ನ ತಲೆ ಮೇಲೆ ಅವಳ ಕೈ ಸದಾ ಇದೆ. ಟೀಚರಮ್ಮ ನಿನ್ನನ್ನು ದಿನಾ ನೆನೆಯುತ್ತಾಳೆ. ಬೇಳೆಗೆ ಉಪ್ಪು ಹೆಚ್ಚಾದ ದಿನ ಸ್ವಲ್ಪ ಹೆಚ್ಚೇ ನೆನೆಯುತ್ತಾಳೆ, ಅದನ್ನು ಸರಿಪಡಿಸುವ ಉಪಾಯ ನಿನಗೆ ಮಾತ್ರ ಗೊತ್ತಂತೆ. ನಿನ್ನ ಪಾದಗಳಿಗೆ ನನ್ನ ನಮಸ್ಕಾರ. ಧೈರ್ಯವಾಗಿರು ಎಂದು ನಿನಗೆ ಹೇಳಬೇಕಾಗಿಲ್ಲ. ಆ ಮನೆಯಿಂದ ಒಂದು ಕೈಯಲ್ಲಿ ಚೀಲ ಹಿಡಿದು ಇಳಿದು ಬಂದವಳು ನೀನು.

ಇಂತಿ ನಿನ್ನ ಬೆನ್ನಿಗೇ ಹುಟ್ಟಿದ,
ತಮ್ಮ

ಮರೆತ ಮಾತು: ಅಕ್ಕಾ, ಮೇಲೆ ಹೇಳಿದ್ದನ್ನೆಲ್ಲ ಬಿಡು. ಮೇಜು ಸರಿಸಬೇಡ, ಪರದೆ ಕಟ್ಟಬೇಡ, ಸ್ವೆಟರ್ ಬಿಟ್ಟು ಬೇರೇನನ್ನೂ ಮುಟ್ಟಬೇಡ. ಮೂಲೆರಾಯ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಪತ್ರವನ್ನು ಮಡಚುವಷ್ಟರಲ್ಲಿ ಐದನೆಯದು ಎಲ್ಲರಿಗೂ ಹೋಗಿದೆ: ನಿನ್ನ ಬಾಗಿಲು, ನಂಬರು. ಬೀದಿಯ ಹೆಸರು ಅದರಲ್ಲಿಲ್ಲ, ಅವರು ಹುಡುಕಬೇಕು. ಎದುರಿನ ಅಂಗಡಿಯ ಕುರ್ಚಿ ಈಗ ಖಾಲಿ. ಇನ್ನೆರಡು ನನಗೊಬ್ಬನಿಗೇ, ನನ್ನ ಫೋನಿಗೇ ಬಂದಿವೆ. ಆರನೆಯದರಲ್ಲಿ ನಿನ್ನ ಮೇಜು, ಅದರ ಮೇಲೆ ಬೀಗದ ಕೈ, ಪಕ್ಕದಲ್ಲಿ ಒಂದು ಲೋಟ ಟೀ, ಆವಿ ಇನ್ನೂ ಏಳುತ್ತಿದೆ. ಅದರ ಪಕ್ಕದಲ್ಲಿ ಬಿಚ್ಚಿಟ್ಟ ಈ ಪತ್ರ. ಮೊದಲ ಚಿತ್ರದಲ್ಲಿದ್ದ ಸ್ವೆಟರ್ ಇದರಲ್ಲಿ ಮೊಳೆಯ ಮೇಲೆ ಇಲ್ಲ. ಅಂದರೆ ನೀನು ಓದುವಾಗ ಯಾರೂ ಬಂದಿರಲಿಲ್ಲ, ಓದಿ, ಅದನ್ನು ಎತ್ತಿಕೊಂಡು ಎದ್ದು ಹೋಗಿದ್ದೀಯ. ನಿನ್ನ ಕಾಲ ಮೇಲೆ ನಡೆದು ಹೋಗಿದ್ದೀಯ, ಟೀ ಕುಡಿಯುವಷ್ಟೂ ಕಾಯದೆ. ಹಾಗೇ ಮಾಡು. ಈ ಪತ್ರವನ್ನು ಜೊತೆಗೆ ಒಯ್ಯಬೇಡ, ಚಿತ್ರದಲ್ಲಿ ಇದು ಅಲ್ಲೇ ಇದೆ. ಚಿತ್ರದಲ್ಲಿ ಇರುವುದೆಲ್ಲ ಹಾಗೇ ಇರಲಿ, ನೀನು ಅದರಲ್ಲಿ ಇಲ್ಲ ಎಂಬುದೂ ಹಾಗೇ ಇರಲಿ. ಎಲ್ಲಿಗೆ ಹೋಗಬೇಕೆಂದು ನಾನು ಬೇಕೆಂದೇ ಬರೆದಿಲ್ಲ. ಹೋದ ಮೇಲೆ ನೀನೂ ನನಗೆ ಬರೆಯಬೇಡ. ಏಳು, ಹೊರಡು.

ಏಳನೆಯದು ನಮ್ಮ ಕ್ರಮದಲ್ಲಿ ಇಲ್ಲದ ಚಿತ್ರ. ಅದೇ ಮೇಜು, ಟೀ ಮೇಲ್ಗಡೆ ಕೆನೆ ಕಟ್ಟಿದೆ. ಕುರ್ಚಿಯಲ್ಲಿ ಒಬ್ಬರು ಕೂತು ಇದೇ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದುತ್ತಿದ್ದಾರೆ. ಹಾಳೆಯ ಕೊನೆಯಲ್ಲಿ, ನನ್ನದೇ ಅಕ್ಷರದಲ್ಲಿ, ನಾನು ಇನ್ನೂ ಬರೆಯದ ಒಂದು ಸಾಲು ಇದೆ. ದೊಡ್ಡದು ಮಾಡಿ ಓದಿಕೊಂಡೆ. ಅದನ್ನು ಇಲ್ಲಿ ಹಾಗೆಯೇ ನಕಲು ಮಾಡುತ್ತಿದ್ದೇನೆ.

ಇಲ್ಲಿಯವರೆಗೆ ಓದಿದ್ದೀರಾದರೆ, ಭಾವ, ಅವಳು ಹೊರಟು ಬಹಳ ಹೊತ್ತಾಗಿದೆ.